ಆಯ-ವ್ಯಯ: ಯುಗಾದಿಯ ಕ್ರಿಕೆಟ್ ಪಂಚಾಂಗ

ಯುಗಾದಿಯ ದಿನ ಬೇವು-ಬೆಲ್ಲವನ್ನು ತಿಂದು ಪಂಚಾಂಗಶ್ರವಣಕ್ಕೆ ಕುಳಿತುಕೊಳ್ಳುವ ಪದ್ಧತಿಯು ನಮ್ಮ ಜಯನಗರದ ಮನೆಗಳಲ್ಲಿ ಇನ್ನೂ ಅಳಿದುಹೋಗಿಲ್ಲ. ಸಂವತ್ಸರಕ್ಕೆ ರಾಜನು ಯಾರು, ಮಂತ್ರಿ ಯಾರು, ಮೇಘಾಧಿಪತಿ ಯಾರು, ಮಳೆ ಎಷ್ಟು ಕೊಳಗ, ಯಾವ ರಾಶಿಯವರಿಗೆ ಆಯವೆಷ್ಟು, ವ್ಯಯವೆಷ್ಟು ಎಂಬುದನ್ನೆಲ್ಲ ಹಿರಿಯರು ಓದುವರು. ಕಿರಿಯರು ಆಕಳಿಸುತ್ತ ಕೇಳುವರು. ಆದರೆ 2008ನೆಯ ಇಸವಿಯಿಂದೀಚೆಗೆ ಚೈತ್ರದ ಸುಮಾರಿಗೆ ಇನ್ನೊಂದು ಪಂಚಾಂಗಶ್ರವಣವೂ ನಡೆದುಬಂದಿದೆ. ಅದರಲ್ಲಿ ಓದುವವರು ಕಿರಿಯರು, ಕೇಳುವವರು ಹಿರಿಯರು. ಐ.ಪಿ.ಎಲ್. ಎಂಬ ಕ್ರಿಕೆಟ್ ಪಂದ್ಯಾವಳಿಯಲ್ಲಿ ಈ ಸಲ ಯಾವ ತಂಡವು ಮೇಲಕ್ಕೇರುವುದು, ಯಾವುದು ತಳಕ್ಕಿಳಿಯುವುದು, ನಮ್ಮ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ಗತಿ ಏನು ಎಂಬುದೇ ಅದರ ವಿಷಯ. ಮಾಧವನ್ ಪಾರ್ಕಿನಲ್ಲಿ ಬೆಳಗಿನ ವಾಯುಸೇವನೆಗೆ ಬರುವ ನಿವೃತ್ತರಿಂದ ಹಿಡಿದು ಬನಶಂಕರಿಯ ತರಕಾರಿ ಅಂಗಡಿಯವರವರೆಗೆ, ಈ ವಿಷಯದಲ್ಲಿ ಭವಿಷ್ಯ ನುಡಿಯದವರನ್ನು ನಾವು ಕಂಡಿಲ್ಲ.

ನಾವೂ ನುಡಿದಿದ್ದೇವೆ, ನುಡಿದು ಕೆಟ್ಟಿದ್ದೇವೆ. ಆ ಸಂಗತಿಯನ್ನು ಮೊದಲು ಒಪ್ಪಿಕೊಂಡು ಮುಂದುವರಿಯುವುದು ಲೇಸು.

2024ನೆಯ ಇಸವಿಯ ಏಪ್ರಿಲ್ 21ರಂದು ಬೆಂಗಳೂರಿನ ತಂಡವು ಕಲ್ಕತ್ತೆಯಲ್ಲಿ ಒಂದೇ ಒಂದು ರನ್ನಿನಿಂದ ಸೋತಿತು. ಅದು ಆ ಋತುವಿನ ಎಂಟನೆಯ ಪಂದ್ಯ. ಅವುಗಳಲ್ಲಿ ಗೆದ್ದುದು ಒಂದು, ಸೋತುದು ಏಳು. ಮರುದಿನವೇ ನಾವು ಲೇಖನಿಯನ್ನು ಹಿಡಿದು, ಈ ತಂಡದ ಕಥೆಯು ಈ ವರ್ಷಕ್ಕೆ ಮುಗಿಯಿತೆಂದೂ, ವಾಚಕರು ಸಂಜೆಯ ಹೊತ್ತನ್ನು ಬೇರೆ ಯಾವುದಾದರೂ ಒಳ್ಳೆಯ ಕಾರ್ಯಕ್ಕೆ ವಿನಿಯೋಗಿಸಬಹುದೆಂದೂ ಇದೇ ಪುಟಕ್ಕೆ ಬರೆದು ಕಳುಹಿಸಿದೆವು. ಮಾಸಪತ್ರಿಕೆಯವರ ಪಾಡು ವಾಚಕರಿಗೆ ತಿಳಿದೇ ಇದೆ. ನಮ್ಮ ಬರಹವು ಅಚ್ಚಾಗಿ ಮನೆಮನೆಗೆ ತಲಪುವ ವೇಳೆಗೆ ತಂಡವು ಗೆಲ್ಲಲು ತೊಡಗಿಬಿಟ್ಟಿತ್ತು. ಹೈದರಾಬಾದು, ಗುಜರಾತು ಎರಡು ಸಲ, ಪಂಜಾಬು, ದೆಹಲಿ ಎಂದು ಒಂದರ ಮೇಲೊಂದರಂತೆ ಐದು ಪಂದ್ಯಗಳು ಕೈಗೆ ಬಂದವು. ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಚೆನ್ನೈಯನ್ನು 27 ರನ್ನುಗಳಿಂದ ಸೋಲಿಸಿ, ಆರನೆಯ ಗೆಲವಿನೊಡನೆ ನಮ್ಮವರು ಮೊದಲ ನಾಲ್ಕು ತಂಡಗಳಲ್ಲಿ ಒಂದಾದರು. ಬೆಂಗಳೂರು, ಚೆನ್ನೈ, ದೆಹಲಿ, ಲಕ್ನೋ ಈ ನಾಲ್ಕು ತಂಡಗಳಿಗೂ ಅಂಕಗಳು ಹದಿನಾಲ್ಕೇ. ರನ್ನಿನ ಸರಾಸರಿಯ ಕೂದಲೆಳೆಯಿಂದ ಬೆಂಗಳೂರಿಗೆ ಸ್ಥಾನವು ದೊರೆಯಿತು.

ಆ ಮೇ 18ರ ಪಂದ್ಯಕ್ಕೆ ನಾವು ಬಹು ಕಷ್ಟದಿಂದ ಎರಡು ಟಿಕೆಟ್ಟುಗಳನ್ನು ಸಂಪಾದಿಸಿ ಇಟ್ಟಿದ್ದೆವು. ನಮ್ಮ ಭವಿಷ್ಯದಲ್ಲಿ ನಮಗೇ ಅಷ್ಟು ನಂಬಿಕೆ ಹುಟ್ಟಿದುದರಿಂದ, ಅವನ್ನು ಎದುರುಮನೆಯವರಿಗೆ ಕೊಟ್ಟುಬಿಟ್ಟೆವು. ನಮ್ಮ ಮೊಮ್ಮಗನು ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ. ಬನಶಂಕರಿ ಎರಡನೆಯ ಹಂತದಿಂದ ವಾಚಕರೊಬ್ಬರು ಕಾಗದ ಬರೆದು, “ರಾಯರೇ, ಮುಂದಿನ ಯುಗಾದಿಗೆ ತಾವು ನಮ್ಮ ತಂಡವು ಸೋಲುವುದೆಂದೇ ದಯವಿಟ್ಟು ಬರೆಯಿರಿ, ನಾವು ನಿಶ್ಚಿಂತೆಯಾಗಿರುತ್ತೇವೆ” ಎಂದು ಕೇಳಿಕೊಂಡರು.

ಇಷ್ಟು ಅನುಭವವಾದ ಮೇಲೆ, ಋತುವಿನ ಆದಿಯಲ್ಲಿ ಹೇಳುವ ಈ ಭವಿಷ್ಯಗಳಿಗೆ ನಿಜವಾಗಿ ಎಷ್ಟು ಬೆಲೆ ಇದೆ ಎಂದು ಹಳೆಯ ವರ್ಷಗಳ ಫಲಗಳನ್ನು ಮುಂದಿಟ್ಟುಕೊಂಡು ನೋಡಿದೆವು. ನೋಡಿದಷ್ಟೂ ನಮ್ಮ ತಪ್ಪು ಒಂಟಿಯಾದುದಲ್ಲವೆಂದು ಸಮಾಧಾನವಾಯಿತು. 2008ರಲ್ಲಿ ಎಂಟು ತಂಡಗಳಿದ್ದವು. ಬೆಂಗಳೂರು ಏಳನೆಯದು, ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಎಂಟನೆಯದು. ಮರುವರ್ಷ ಪಂದ್ಯಾವಳಿಯು ದಕ್ಷಿಣ ಆಫ್ರಿಕಕ್ಕೆ ಹೋಯಿತು. ಅಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಕಡೆಯ ಪಂದ್ಯವನ್ನು ಆಡಿದವರು ಯಾರು? ಹಿಂದಿನ ವರ್ಷ ತಳದಲ್ಲಿದ್ದ ಆ ಎರಡು ತಂಡಗಳೇ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ನಮ್ಮ ಅನಿಲ್ ಕುಂಬ್ಳೆಯವರು ನಾಯಕರಾಗಿ, ಅಂದು 16 ರನ್ನುಗಳನ್ನು ಕೊಟ್ಟು 4 ವಿಕೆಟ್ಟುಗಳನ್ನು ಕಿತ್ತು, ಪಂದ್ಯದ ಪುರುಷೋತ್ತಮನೆಂಬ ಬಿರುದನ್ನು ಪಡೆದರು. ತಂಡವು ಮಾತ್ರ 6 ರನ್ನುಗಳಿಂದ ಸೋತಿತು. ಇದಕ್ಕೆ ವಿರುದ್ಧವಾಗಿ, 2016ರಲ್ಲಿ ಕಡೆಯ ಪಂದ್ಯದವರೆಗೆ ಹೋಗಿದ್ದ ಬೆಂಗಳೂರು 2017ರಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಆ ವರ್ಷ ಕಲ್ಕತ್ತೆಯಲ್ಲಿ ಇಡೀ ತಂಡವೇ 49 ರನ್ನುಗಳಿಗೆ ಉರುಳಿದ ರಾತ್ರಿಯನ್ನು ಜ್ಞಾಪಿಸಿಕೊಳ್ಳಲು ಯಾರಿಗೂ ಇಷ್ಟವಿರಲಾರದು. ಆದುದರಿಂದ ನಾವೂ ಮುಂದಕ್ಕೆ ಹೋಗುವೆವು.

ಮೊದಲ ತಿಂಗಳ ಫಲವನ್ನು ನೋಡಿ ಹೇಳಿದ ಭವಿಷ್ಯವಾದರೂ ನಿಲ್ಲುವುದೇ? 2014ರಲ್ಲಿ ಕಲ್ಕತ್ತೆಯ ತಂಡವು ಮೊದಲ ಏಳು ಪಂದ್ಯಗಳಲ್ಲಿ ಐದನ್ನು ಸೋತಿತು. ಪಂಜಾಬಿನವರು ಮೊದಲ ಐದನ್ನೂ ಗೆದ್ದರು. ಆಗ ಕೇಳಿದ್ದರೆ ಮಗುವೂ ಪಂಜಾಬಿನ ಹೆಸರನ್ನೇ ಹೇಳುತ್ತಿತ್ತು. ಆಮೇಲೆ ಕಲ್ಕತ್ತೆಯವರು ಸಾಲಾಗಿ ಒಂಬತ್ತು ಪಂದ್ಯಗಳನ್ನು ಗೆದ್ದು, ಜೂನ್ 1ರಂದು ನಮ್ಮ ಬೆಂಗಳೂರಿನಲ್ಲಿಯೇ ಅದೇ ಪಂಜಾಬನ್ನು ಸೋಲಿಸಿ ಬಟ್ಟಲನ್ನು ಎತ್ತಿಕೊಂಡು ಹೋದರು. ಅಂದು 94 ರನ್ನುಗಳನ್ನು ಹೊಡೆದವರು ಮನೀಶ್ ಪಾಂಡೆ. ಆ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ 660 ರನ್ನುಗಳನ್ನು ಮಾಡಿದವರು ರಾಬಿನ್ ಉತ್ತಪ್ಪ. ಇಬ್ಬರೂ ಕರ್ನಾಟಕದ ಆಟಗಾರರು. ಅದೇ ವರ್ಷದ ಆದಿಯಲ್ಲಿ ಕರ್ನಾಟಕಕ್ಕೆ ರಣಜಿ ಬಟ್ಟಲು ಬಂದಿತ್ತು. ಮನೆಯ ಮಕ್ಕಳು ನೆರೆಮನೆಯ ಮದುವೆಯಲ್ಲಿ ಬಡಿಸಿ, ನಮ್ಮ ಅಂಗಳದಲ್ಲಿಯೇ ಎಲೆ ಹಾಕಿದಂತಾಯಿತು. ಮರುವರ್ಷ ಮುಂಬಯಿಯವರು ಮೊದಲ ಆರರಲ್ಲಿ ಐದನ್ನು ಸೋತು, ಕೊನೆಗೆ ಅವರೇ ಗೆದ್ದರು.

ಇದಕ್ಕೆ ಕಾರಣವು ಆಟಗಾರರ ಚಂಚಲತೆಯಲ್ಲಿ ಮಾತ್ರವಿಲ್ಲ, ಲೆಕ್ಕದಲ್ಲಿಯೂ ಇದೆ. ಒಂದೊಂದು ತಂಡಕ್ಕೆ ಮೊದಲ ಸುತ್ತಿನಲ್ಲಿ 14 ಪಂದ್ಯಗಳು. ವಾಚಕರು ಮನೆಯ ಜಗಲಿಯ ಮೇಲೆ ಕುಳಿತು ಒಂದು ರೂಪಾಯಿಯ ನಾಣ್ಯವನ್ನು 14 ಸಲ ಚಿಮ್ಮಿ ನೋಡಬಹುದು: ಸಿಂಹವು ಮೇಲಾದರೆ ಗೆಲವು, ಅಂಕೆಯು ಮೇಲಾದರೆ ಸೋಲು. ನಾಣ್ಯಕ್ಕೆ ಜಾಣತನವೂ ಇಲ್ಲ, ಜ್ವರವೂ ಇಲ್ಲ. ಆದುದರಿಂದ ಏಳು ಗೆಲವು, ಏಳು ಸೋಲು ಬರಬೇಕೆಂದು ನಾವು ಎಣಿಸುತ್ತೇವೆ. ಆದರೆ ಗಣಿತವು ಹೇಳುವುದು ಬೇರೆ. ನೂರು ಸಲ ಹೀಗೆ ಆಡಿದರೆ ಸುಮಾರು ಒಂಬತ್ತು ಸಲ ಹತ್ತು ಅಥವಾ ಅದಕ್ಕಿಂತ ಹೆಚ್ಚು ಗೆಲವುಗಳೂ, ಮತ್ತೊಂದು ಒಂಬತ್ತು ಸಲ ನಾಲ್ಕು ಅಥವಾ ಅದಕ್ಕಿಂತ ಕಡಮೆ ಗೆಲವುಗಳೂ ಬೀಳುವುವು. ಅಂದರೆ, ಸರಿಸಮಾನವಾದ ಹತ್ತು ನಾಣ್ಯಗಳನ್ನು ತಂಡಗಳೆಂದು ಹೆಸರಿಟ್ಟು ಆಡಿಸಿದರೂ, ಒಂದು ಪಟ್ಟಾಭಿಷಿಕ್ತನಂತೆ ಮೇಲೆ ಕುಳಿತಿರುವುದು, ಇನ್ನೊಂದು ತಳದಲ್ಲಿ ಕುಳಿತು ನಾಯಕನನ್ನು ಬದಲಾಯಿಸುವ ಮಾತಾಡುತ್ತಿರುವುದು. ಎಂಟರಲ್ಲಿ ಏಳನ್ನು ಅಥವಾ ಎಂಟನ್ನೂ ಸೋಲುವ ದುರ್ದೆಸೆಯು ಸಾಧಾರಣ ತಂಡವೊಂದಕ್ಕೆ ಸುಮಾರು ಇಪ್ಪತ್ತೆಂಟು ಸಲಕ್ಕೊಮ್ಮೆ ಬರತಕ್ಕದ್ದು. ಹತ್ತು ತಂಡಗಳಿರುವಾಗ ಮೂರು ವರ್ಷಕ್ಕೊಮ್ಮೆ ಯಾರಿಗಾದರೂ ಬಂದೇ ಬರುವುದು. 2024ರಲ್ಲಿ ಅದು ನಮಗೆ ಬಂದಿತ್ತು. ಆ ಏಳು ಸೋಲುಗಳಲ್ಲಿ ನಾವು ಕಂಡ ಶಾಪವೆಲ್ಲ ಇಷ್ಟೇ ಆಗಿದ್ದಿರಬಹುದು.

ಅಮೆರಿಕದವರ ಬೇಸ್‌ಬಾಲ್ ಆಟದಲ್ಲಿಯೂ ಹೆಚ್ಚುಕಡಮೆ ನಮ್ಮ ಚೈತ್ರದ ವೇಳೆಗೇ ಋತುವು ತೊಡಗುವುದು, ಅಲ್ಲಿಯೂ ಭವಿಷ್ಯಕಾರರು ಧಾರಾಳವಾಗಿದ್ದಾರೆ. ಆದರೆ ಅಲ್ಲಿ ಒಂದೊಂದು ವೃತ್ತಿಪರ ತಂಡವೂ 162 ಪಂದ್ಯಗಳನ್ನು ಆಡತಕ್ಕದ್ದು. ನಮ್ಮ ಹದಿನಾಲ್ಕಕ್ಕೆ ಹತ್ತು ಎಂಬ ಪ್ರಮಾಣವು ಅಲ್ಲಿ 116 ಗೆಲವುಗಳಿಗೆ ಸಮ. ಕೇವಲ ಅದೃಷ್ಟದಿಂದ ಅಷ್ಟು ಗೆಲ್ಲುವುದೆಂಬುದು ಅಲ್ಲಿ ಇಲ್ಲವೆಂದೇ ಹೇಳಬೇಕು. ಅಲ್ಲಿಯ ಚರಿತ್ರೆಯಲ್ಲಿಯೇ ಆ ಸಂಖ್ಯೆಯನ್ನು ಮುಟ್ಟಿದವರು ಇಬ್ಬರು: 1906ರಲ್ಲಿ ಚಿಕಾಗೋ ಕಬ್ಸ್, 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್. ಅಷ್ಟು ದೀರ್ಘವಾದ ಪರೀಕ್ಷೆಯಲ್ಲಿ ಆದಿಯ ತಪ್ಪುಗಳು ತಾವಾಗಿ ತೊಳೆದುಹೋಗುವುವು. ಹಾಗಿದ್ದರೂ ಆ ಸಿಯಾಟಲ್ ತಂಡವು ಕಡೆಯ ಸರಣಿಯನ್ನು ಕೂಡ ಮುಟ್ಟದೆ, ಅದಕ್ಕೆ ಮುಂಚೆಯೇ ನ್ಯೂಯಾರ್ಕಿನವರಿಗೆ ಸೋತು ಮನೆಗೆ ಹೋಯಿತು. ನೂರಾ ಅರವತ್ತೆರಡು ಪಂದ್ಯಗಳ ಪುಣ್ಯವೂ ಒಂದು ವಾರದ ಪಾಪಕ್ಕೆ ಸಾಲದಾಯಿತೆಂದ ಮೇಲೆ, ನಮ್ಮ ಹದಿನಾಲ್ಕರ ಪಾಡೇನು?

ಹಾಗಾದರೆ ಮುಂದಾಗಿ ಏನನ್ನೂ ಹೇಳಲು ಬರುವುದಿಲ್ಲವೇ ಎಂದರೆ, ಸ್ವಲ್ಪ ಬರುವುದು. ಆದರೆ ನಾವೆಲ್ಲ ನೋಡುವ ಕಡೆ ಅದು ಇಲ್ಲವೆಂದು ನಮ್ಮ ಅಭಿಪ್ರಾಯ. ಪಂಚಾಂಗದಲ್ಲಿ ಪ್ರತಿಯೊಂದು ರಾಶಿಗೂ ಆಯ, ವ್ಯಯ ಎಂಬ ಎರಡು ಅಂಕೆಗಳನ್ನು ಕೊಟ್ಟಿರುತ್ತಾರಷ್ಟೆ. ಮನೆಯ ಯಜಮಾನರು ಆಯವನ್ನು ಎರಡು ಸಲ ಓದಿಸುವರು. ವ್ಯಯದ ವೇಳೆಗೆ ಒಳಗಿನಿಂದ ಹೋಳಿಗೆಯ ವಾಸನೆ ಬಂದಿರುತ್ತದೆ. ಕ್ರಿಕೆಟ್ಟಿನಲ್ಲಿ ಆಯವೆಂದರೆ ನಾವು ಹೊಡೆಯುವ ರನ್ನುಗಳು, ವ್ಯಯವೆಂದರೆ ಎದುರಾಳಿಗೆ ಕೊಡುವ ರನ್ನುಗಳು. ಬೆಂಗಳೂರಿನವರಾದ ನಮಗೆ ಹದಿನೇಳು ವರ್ಷಗಳ ಕಾಲ ಆಯದ ಮೋಹವೇ ಮೋಹ. 2013ರಲ್ಲಿ ಕ್ರಿಸ್ ಗೇಲ್ ಎಂಬ ಮಹಾಶಯನು ಪುಣೆಯ ತಂಡದ ಮೇಲೆ ಒಬ್ಬನೇ 175 ರನ್ನುಗಳನ್ನು ಹೊಡೆದ ದಿನ ಜಯನಗರದಲ್ಲಿ ಪಟಾಕಿಗಳು ಸಿಡಿದವು. ಆ ವರ್ಷ ತಂಡವು ಮೊದಲ ನಾಲ್ಕರಲ್ಲಿ ಬರಲಿಲ್ಲ. 2016ರಲ್ಲಿ ವಿರಾಟ್ ಕೊಹ್ಲಿಯವರು ನಾಲ್ಕು ಶತಕಗಳೊಡನೆ 973 ರನ್ನುಗಳನ್ನು ಮಾಡಿದರು. ಇಂಥ ಆಯವನ್ನು ಯಾವ ರಾಶಿಯವರೂ ಕಂಡಿರಲಿಲ್ಲ. ಆದರೆ ಕಡೆಯ ಪಂದ್ಯದ ದಿನ ನಮ್ಮ ನೆಲದಲ್ಲಿಯೇ ಹೈದರಾಬಾದಿಗೆ 208 ರನ್ನುಗಳನ್ನು ಕೊಟ್ಟೆವು. ಉತ್ತರವಾಗಿ ಮೊದಲ ಜೋಡಿಯೇ 114ನ್ನು ಕೂಡಿಸಿದರೂ ತಂಡವು 200ಕ್ಕೆ ನಿಂತಿತು. ಎಂಟು ರನ್ನು! ಗಳಿಕೆ ಸಾಲದೆ ಕೆಟ್ಟ ಮನೆಯಲ್ಲ ಅದು, ಖರ್ಚು ಹಿಡಿಯಲಾರದೆ ಕೆಟ್ಟ ಮನೆ.

ನಮ್ಮ ಕ್ರೀಡಾಂಗಣದ ಸ್ವಭಾವವೂ ಈ ಮೋಹವನ್ನು ಬೆಳೆಸಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ, ಗಾಳಿ ತೆಳುವು. ಚಿನ್ನಸ್ವಾಮಿ ಕ್ರೀಡಾಂಗಣದ ಎಲ್ಲೆಯ ಗೆರೆಗಳೂ ಹತ್ತಿರ. ಬೇರೆ ಊರಿನಲ್ಲಿ ಕ್ಯಾಚಾಗುವ ಚೆಂಡು ಇಲ್ಲಿ ಪ್ರೇಕ್ಷಕರ ನಡುವೆ ಬೀಳುವುದು. 2024ರ ಏಪ್ರಿಲ್ 15ರಂದು ಇಲ್ಲಿ ಹೈದರಾಬಾದಿನವರು 287 ರನ್ನುಗಳನ್ನು ಹೊಡೆದರೆ, ನಮ್ಮವರು 262 ಹೊಡೆದೂ ಸೋತರು. ಇಂಥ ನೆಲದಲ್ಲಿ ಹೊಡೆಯುವವರು ಸುಲಭವಾಗಿ ದೊಡ್ಡವರೆನಿಸುವರು. ತಡೆಯುವವನನ್ನು ಯಾರೂ ಮೆಚ್ಚರು.

ಈ ದೃಷ್ಟಿಯಿಂದ 2025ನೆಯ ಇಸವಿಯು ಬಹು ಸ್ವಾರಸ್ಯವಾದದ್ದು. ಆ ಯುಗಾದಿಯಲ್ಲಿ ನಮ್ಮ ಬೀದಿಯ ಭವಿಷ್ಯವೆಲ್ಲ ಗೊಣಗಾಟವೇ ಆಗಿತ್ತು. ಬೆಂಗಳೂರಿನವರೆಂದು ನಾವು ಅಭಿಮಾನಪಡುವ ಕೆ. ಎಲ್. ರಾಹುಲ್ ಅವರನ್ನು ಹರಾಜಿನಲ್ಲಿ ಕೊಳ್ಳಲಿಲ್ಲವೆಂದೂ, ಏಳು ವರ್ಷ ದುಡಿದ ಸಿರಾಜರನ್ನು ಬಿಟ್ಟುಕೊಟ್ಟರೆಂದೂ ಎಲ್ಲರಿಗೂ ಕೋಪ. ಏಪ್ರಿಲ್ ತಿಂಗಳು ಆ ಕೋಪಕ್ಕೆ ತುಪ್ಪ ಹೊಯ್ಯಿತು. 2ನೆಯ ತಾರೀಕು ಸಿರಾಜರು ಗುಜರಾತಿನ ಪರವಾಗಿ ಇಲ್ಲಿಗೇ ಬಂದು, 19 ರನ್ನುಗಳಿಗೆ 3 ವಿಕೆಟ್ಟುಗಳನ್ನು ತೆಗೆದು ನಮ್ಮನ್ನು ಸೋಲಿಸಿದರು. 10ನೆಯ ತಾರೀಕು ರಾಹುಲರು ದೆಹಲಿಯ ಪರವಾಗಿ ಬಂದು, ಅಜೇಯರಾಗಿ 93 ರನ್ನುಗಳನ್ನು ಹೊಡೆದು, ಇದು ನನ್ನ ನೆಲವೆಂದು ದಾಂಡಿನಿಂದ ವೃತ್ತವನ್ನು ಬರೆದು ತೋರಿಸಿದರು. 18ನೆಯ ತಾರೀಕು ಮಳೆಯಿಂದ ಮೊಟಕಾದ ಪಂದ್ಯದಲ್ಲಿ ಪಂಜಾಬೂ ಗೆದ್ದಿತು. ಮನೆಯಂಗಳದ ಮೊದಲ ಮೂರು ಪಂದ್ಯಗಳೂ ಹೋದವು. ಮಾಧವನ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ತಂಡದ ಉತ್ತರಕ್ರಿಯೆಯೇ ನಡೆದುಹೋಯಿತು. ನಾವು ಮಾತ್ರ, ಹಿಂದಿನ ವರ್ಷದ ಟಿಕೆಟ್ಟುಗಳನ್ನು ನೆನೆದು, ಬಾಯಿಮುಚ್ಚಿಕೊಂಡಿದ್ದೆವು.

ಆ ಬೆಂಚಿನವರು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟುದು ಪರಸ್ಥಳದ ಪಂದ್ಯಗಳನ್ನು. ಮಾರ್ಚ್ 28ರಂದು ಚೆನ್ನೈಯಲ್ಲಿ, 2008ರ ನಂತರ ಮೊದಲನೆಯ ಸಲ, ನಮ್ಮವರು ಗೆದ್ದಿದ್ದರು. ಏಪ್ರಿಲ್ 7ರಂದು ಮುಂಬಯಿಯಲ್ಲಿಯೂ ಗೆದ್ದಿದ್ದರು. ಕಡೆಗೆ ಮೊದಲ ಸುತ್ತಿನಲ್ಲಿ ಪರಸ್ಥಳದ ಏಳು ಪಂದ್ಯಗಳನ್ನೂ ಗೆದ್ದರು. ಈ ಪಂದ್ಯಾವಳಿಯಲ್ಲಿ ಹಾಗೆ ಗೆದ್ದ ಮೊದಲ ತಂಡವದು. ಕಾರಣವು ವ್ಯಯದ ಅಂಕೆಯಲ್ಲಿತ್ತು. ಆಸ್ಟ್ರೇಲಿಯದ ಹೇಜಲ್‌ವುಡ್ 22 ವಿಕೆಟ್ಟುಗಳನ್ನೂ, ಭುವನೇಶ್ವರ ಕುಮಾರ್, ಕೃಣಾಲ್ ಪಾಂಡ್ಯ ಇವರು ಹದಿನೇಳು ಹದಿನೇಳನ್ನೂ ತೆಗೆದರು. ಮೇ 29ರಂದು ಪಂಜಾಬನ್ನು ಅದರ ಸ್ವಂತ ನೆಲದಲ್ಲಿ 101ಕ್ಕೆ ಕಟ್ಟಿಹಾಕಿದರು. ಜೂನ್ 3ರಂದು ಅಹಮದಾಬಾದಿನ ಕಡೆಯ ಪಂದ್ಯದಲ್ಲಿ ನಮ್ಮ ಆಯ 190. ಹಳೆಯ ಲೆಕ್ಕದಲ್ಲಿ ಅದೇನೂ ದೊಡ್ಡದಲ್ಲ. ಆದರೆ ಕೃಣಾಲರು ನಾಲ್ಕು ಓವರುಗಳಲ್ಲಿ 17 ರನ್ನುಗಳನ್ನಷ್ಟೇ ಕೊಟ್ಟು ಎರಡು ವಿಕೆಟ್ಟುಗಳನ್ನು ತೆಗೆದರು. ಪಂಜಾಬು 184ಕ್ಕೆ ನಿಂತಿತು. ಹದಿನೆಂಟನೆಯ ಋತುವಿನಲ್ಲಿ ಬಟ್ಟಲು ಬಂದಿತು.

ಆ ಬಟ್ಟಲನ್ನು ಹಿಡಿದ ನಾಯಕರು ರಜತ್ ಪಾಟೀದಾರ್. 2022ರ ಹರಾಜಿನಲ್ಲಿ ಇವರನ್ನು ಯಾರೂ ಕೊಂಡಿರಲಿಲ್ಲ. ಕರ್ನಾಟಕದ ಯುವಕ ಲವನಿತ್ ಸಿಸೋಡಿಯಾ ಗಾಯಗೊಂಡಾಗ ಅವರ ಬದಲಿಗೆ ಋತುವಿನ ನಡುವೆ ಕರೆಸಿದವರು ಇವರು. 2011ರಲ್ಲಿ ಗೇಲ್ ಬಂದುದೂ ಹೀಗೆಯೇ, ಗಾಯಾಳುವೊಬ್ಬರ ಬದಲಾಗಿ. ಆ ವರ್ಷ 608 ರನ್ನುಗಳನ್ನು ಹೊಡೆದು ತಂಡವನ್ನು ಕಡೆಯ ಪಂದ್ಯಕ್ಕೆ ಮುಟ್ಟಿಸಿದರು. ಯುಗಾದಿಯ ಪಟ್ಟಿಯಲ್ಲಿ ಹೆಸರೇ ಇಲ್ಲದವನು ಜ್ಯೇಷ್ಠದಲ್ಲಿ ಮನೆಯನ್ನು ನಿಲ್ಲಿಸುವನೆಂಬುದನ್ನು ಯಾವ ಜೋಯಿಸನು ತಾನೆ ಹೇಳಬಲ್ಲನು?

ಭವಿಷ್ಯವು ಬಾಯಿಮಾತಿನಲ್ಲಿರುವಷ್ಟು ಕಾಲ ಇದೆಲ್ಲ ವಿನೋದವೇ. ಆದರೆ ಅದು ಬಾಯಿಯಿಂದ ಜೇಬಿಗೆ ಇಳಿದರೆ ಏನಾಗುವುದೆಂಬುದನ್ನು ನಾವು ನೋಡಬೇಕಾಯಿತು. ನಮ್ಮ ಪರಿಚಿತರೊಬ್ಬರ ಮಗನು ಬಿ.ಟಿ.ಎಂ. ಬಡಾವಣೆಯಲ್ಲಿ ಕೊಠಡಿ ಹಿಡಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದನು. 2024ರ ಆ ಏಳು ಸೋಲುಗಳಾದ ಮೇಲೆ, ಬೆಂಗಳೂರು ಮೊದಲ ನಾಲ್ಕರಲ್ಲಿ ಬರುವುದೇ ಇಲ್ಲವೆಂದು ಅವನು ಪಣ ಕಟ್ಟಿದನು. ಒಂದೊಂದು ಗೆಲವಾದಾಗಲೂ ಪಣವನ್ನು ಇಮ್ಮಡಿಸಿದನು. ಊರಿಗೆ ಕಳುಹಿಸಬೇಕಾಗಿದ್ದ ಮೂರು ತಿಂಗಳ ಹಣವು ಮೇ 18ರ ರಾತ್ರಿ ಹೋಯಿತು. ನಗರವೆಲ್ಲ ಕುಣಿಯುತ್ತಿದ್ದಾಗ ಆ ಹುಡುಗನು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿದ್ದನಂತೆ. ಅವನ ತಂದೆಯವರು ಈ ಸಂಗತಿಯನ್ನು ನಮಗೆ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಬರಹವನ್ನೂ ಅವನು ಓದಿದ್ದ” ಎಂದರು. ಅವರು ದೂರಲೆಂದು ಹೇಳಲಿಲ್ಲ. ಅದೇ ನಮಗೆ ಹೆಚ್ಚು ನೋಯಿತು. ಆ ಹುಡುಗನು ಮಾಡಿದ ತರ್ಕಕ್ಕೂ ನಾವು ಮಾಡಿದ ತರ್ಕಕ್ಕೂ ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ನಾವು ಕಳೆದುಕೊಂಡುದು ಎರಡು ಟಿಕೆಟ್ಟುಗಳನ್ನು, ಅಷ್ಟೇ.

2025ರ ಆಗಸ್ಟ್ 22ರಂದು, ಹಣವಿಟ್ಟು ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತವಾಯಿತು. ಕಾಯಿದೆಯು ಒಳ್ಳೆಯದೇ. ಆದರೆ ಕೈಯಲ್ಲಿ ಫೋನಿರುವ ಮಕ್ಕಳಿರುವ ಮನೆಯ ಹಿರಿಯರು ಕಾಯಿದೆಯೊಂದನ್ನೇ ನಂಬಿ ನಿದ್ರೆಮಾಡಬಾರದು. ಹುಡುಗನು ಸಂಬಳದ ದಿನದಲ್ಲಿಯೂ ಸಾಲ ಕೇಳಿದರೆ, ಪಂದ್ಯವು ಮುಗಿದ ಮೇಲೆ ಗೆಲವಾದರೂ ಅವನ ಮುಖ ಬಾಡಿದ್ದರೆ, ಗದರದೆ ವಿಚಾರಿಸಬೇಕು.

ಮತ್ತೊಂದು ಮಾತನ್ನು ಹೇಳದೆ 2025ರ ಕಥೆಯನ್ನು ಮುಗಿಸಲಾಗದು. ಗೆದ್ದ ಮರುದಿನ, ಜೂನ್ 4ರ ಸಂಜೆ, ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಬಿಟ್ಟರು, ಹೆಚ್ಚಿನವರು ಎಳೆಯರು. ನಮ್ಮ ಮೊಮ್ಮಗನೂ ಹೋಗಬೇಕೆಂದು ಹಟ ಹಿಡಿದಿದ್ದನು. ಅವನ ತಾಯಿ ಬಿಡಲಿಲ್ಲ. ಪ್ರತಿ ಚೈತ್ರದಲ್ಲಿಯೂ “ಈ ಸಲ ಕಪ್ ನಮ್ದೆ” ಎಂದು ಕೂಗಿದ ಊರಿನಲ್ಲಿ, ಕಪ್ಪು ಬಂದ ದಿನ ಏನಾಗಬಹುದೆಂದು ಯೋಚಿಸಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಆ ರಾತ್ರಿ ನಮ್ಮ ಬೀದಿಯಲ್ಲಿ ದೀಪಗಳು ಬೇಗ ಆರಿದವು.

ಈಗ ನಮ್ಮ ಮನೆಯಲ್ಲಿ ನಡೆಯುವ ಕ್ರಮವು ಇಷ್ಟು. ಯುಗಾದಿಯ ಸಂಜೆ ಪ್ರತಿಯೊಬ್ಬರೂ ನಾಲ್ಕು ತಂಡಗಳ ಹೆಸರುಗಳನ್ನು ಒಂದು ಹಳೆಯ ನೋಟುಪುಸ್ತಕದಲ್ಲಿ ಬರೆಯುವರು. ಹೆಸರಿನ ಮುಂದೆ, ಆ ತಂಡಕ್ಕೆ ಕಡೆಯ ನಾಲ್ಕು ಓವರುಗಳನ್ನು ಹಾಕುವವರು ಯಾರೆಂಬುದನ್ನೂ ಬರೆಯಬೇಕು. ಅದನ್ನು ಹೇಳಲಾರದವರ ಭವಿಷ್ಯವನ್ನು ಒಪ್ಪುವುದಿಲ್ಲ. ಪುಸ್ತಕವನ್ನು ಪಂಚಾಂಗದ ಕೆಳಗಿಟ್ಟು, ಕಡೆಯ ಪಂದ್ಯವು ಮುಗಿದ ಮೇಲೆಯೇ ತೆಗೆಯತಕ್ಕದ್ದು. ಸೋತವರು ಗೆದ್ದವರಿಗೆ ನಾಲ್ಕನೆಯ ಬ್ಲಾಕಿನಲ್ಲಿ ಒಂದು ಮಸಾಲೆದೋಸೆಯನ್ನು ಕೊಡಿಸಬೇಕು, ಪಣವೇನಿದ್ದರೂ ಅಷ್ಟೇ. ಮೊನ್ನೆ ಹುಡುಗನು ತನ್ನ ನಾಲ್ಕು ಹೆಸರುಗಳನ್ನು ಬರೆದಾದ ಮೇಲೆ, ನಮ್ಮ ಮಾತನ್ನು ಪರೀಕ್ಷಿಸುವೆನೆಂದು ಒಂದು ರೂಪಾಯಿಯನ್ನು ಹದಿನಾಲ್ಕು ಸಲ ಚಿಮ್ಮಿದನು. ಸಿಂಹವು ಒಂಬತ್ತು ಸಲ ಮೇಲಾಯಿತು.

“ತಾತ, ಒಂಬತ್ತು ಗೆಲವೆಂದರೆ ಹದಿನೆಂಟು ಅಂಕ. ನಾಣ್ಯವೇ ಮೊದಲ ನಾಲ್ಕರೊಳಕ್ಕೆ ಬಂದುಬಿಟ್ಟಿತಲ್ಲ!” ಎಂದು ನಕ್ಕು, ಅದನ್ನೂ ಐದನೆಯ ತಂಡವೆಂದು ಪುಸ್ತಕದಲ್ಲಿ ಬರೆದುಕೊಂಡನು.